ಇಂಗ್ಲೆಂಡಿನಲ್ಲಿ ಸ್ವಂತ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ನಡೆಸಲು ಪರವಾನಗಿ ಬೇಕೇ?

ವಾಹನ ಚಾಲನೆಗೆ ಇರುವಂತೆ ಪರೀಕ್ಷೆ ಎದುರಿಸಿ ಪಡೆಯುವ ಪರವಾನಗಿ ಬೇಕಿಲ್ಲ. ಆದರೆ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುವ ಕಾಲುವೆಗಳಲ್ಲಾಗಲಿ, ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಪರಿಸರ ಸಂಸ್ಥೆಯ ಉಸ್ತುವಾರಿಯಲ್ಲಿರುವ, ಉಬ್ಬರವಿಳಿತ ತಲುಪದ ಥೇಮ್ಸ್ ನದಿಯಲ್ಲಾಗಲಿ ಕಯಾಕ್ ಇಳಿಸುವುದಾದರೆ ದೋಣಿಗೆ ಪರವಾನಗಿ ಇರಲೇಬೇಕು. ಇವನ್ನು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ, ಮೊದಲು ಬ್ರಿಟಿಷ್ ಕನೂಯಿಂಗ್ ಎಂಬ ಹೆಸರಿದ್ದ ಪ್ಯಾಡಲ್ ಯುಕೆ ದೋಣಿ ಕ್ರೀಡಾ ಸಂಸ್ಥೆಯ ಸದಸ್ಯತ್ವ ಪಡೆಯುವುದೇ ಲೇಸು, ಏಕೆಂದರೆ ಅದರಲ್ಲಿ ಎರಡೂ ಕಡೆಯ ಪರವಾನಗಿ ಮತ್ತು ವಿಮೆ ಸೇರಿರುತ್ತವೆ. ಸಮುದ್ರದಲ್ಲಿ ಸಾಮಾನ್ಯವಾಗಿ ಈ ಪರವಾನಗಿಯ ಅಗತ್ಯವಿಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯಿದೆಯೇ ಒಳನಾಡಿನ ನೀರಿಗಿಳಿಯುವ ಹಕ್ಕನ್ನು ಕೊಟ್ಟಿದೆ.

ಸುರಕ್ಷತೆಯ ವಿಷಯದಲ್ಲಿ ನಿಜವಾದ ಶತ್ರು ನೀರಿನ ತಣುವು. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಹಠಾತ್ತನೆ ಬಿದ್ದವರಿಗೆ ಉಸಿರು ಹಿಡಿತ ತಪ್ಪಿ, ಈಜು ಬಲ್ಲವರೂ ಮೊದಲ ಕೆಲವು ನಿಮಿಷಗಳಲ್ಲೇ ಮುಳುಗಬಹುದು; ಆದ್ದರಿಂದ ಹೊರಗೆ ಬಿಸಿಲಿದ್ದರೂ ನೀರಿನ ತಾಪಕ್ಕೆ ತಕ್ಕ ಉಡುಪನ್ನೂ, ಕನಿಷ್ಠ 50 ನ್ಯೂಟನ್ ತೇಲುವ ಶಕ್ತಿಯ ಜಾಕೆಟ್ಟನ್ನೂ ಧರಿಸಿ, ಮೊಬೈಲನ್ನು ನೀರು ನುಗ್ಗದ ಚೀಲದಲ್ಲಿಟ್ಟು ಮೈಗೇ ಕಟ್ಟಿಕೊಳ್ಳಬೇಕು. ವಿಚಿತ್ರವೆಂದರೆ, ದೋಣಿ ನಡೆಸಲು ಇಲ್ಲದ ಪರೀಕ್ಷೆ ನೀರಿನ ಮೇಲೆ ಸಂಪರ್ಕಕ್ಕಾಗಿ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ ಬಳಸಲು ಇದೆ, ಆದರೆ ಪ್ರಾಣಾಪಾಯದಲ್ಲಿ 16ನೇ ಚಾನೆಲ್‌ನಲ್ಲಿ ಯಾರು ಬೇಕಾದರೂ ನೆರವು ಕೋರಬಹುದು.