ಆಕ್ಸೆಂಟ್ ಅಂದರೆ ಬರೀ ಮಾತಿನ ಧಾಟಿನಾ? ಸಂಗೀತ, ಚಿತ್ರಕಲೆಯಲ್ಲೂ ಈ ಪದ ಯಾಕೆ ಬರುತ್ತದೆ?

ಧಾಟಿ ಒಂದು ಅರ್ಥ ಅಷ್ಟೇ. ಧಾರವಾಡದವರೋ ಮಂಗಳೂರಿನವರೋ ಬಾಯಿ ಬಿಟ್ಟ ಕೂಡಲೇ ಊರು ಗೊತ್ತಾಗುತ್ತದಲ್ವಾ, ಅದು.

ಇನ್ನೊಂದು, ಪದದೊಳಗೆ ಬೀಳುವ ಒತ್ತು. ಇಂಗ್ಲಿಷಿನ ‘ರೆಕಾರ್ಡ್’ ಪದದ ಮೊದಲ ಭಾಗ ಒತ್ತಿ ಹೇಳಿದರೆ ದಾಖಲೆ, ಎರಡನೆಯದನ್ನು ಒತ್ತಿದರೆ ದಾಖಲಿಸು. ಕನ್ನಡದಲ್ಲಿ ಹೀಗೆ ಅರ್ಥ ಬದಲಾಗುವುದಿಲ್ಲ. ಅದಕ್ಕೇ ನಮಗೆ ಈ ವ್ಯತ್ಯಾಸ ಬೇಗ ಕಿವಿಗೆ ಬೀಳುವುದಿಲ್ಲ.

ವೇದದ ಸಂಸ್ಕೃತದಲ್ಲಿ ಇದು ದನಿಯ ಏರಿಳಿತ: ಉದಾತ್ತ (ಏರು ದನಿ), ಅನುದಾತ್ತ (ಇಳಿ ದನಿ), ಸ್ವರಿತ (ಏರಿ ಇಳಿಯುವ ದನಿ). ಇದಕ್ಕೊಂದು ಮಜವಾದ ಕಥೆ ಇದೆ. ಇಂದ್ರನನ್ನು ಕೊಲ್ಲುವವನು ಬೇಕೆಂದು ದೇವಶಿಲ್ಪಿ ತ್ವಷ್ಟೃ ಹೋಮ ಮಾಡಿ, ‘ಇಂದ್ರಶತ್ರು ಬೆಳೆಯಲಿ’ ಅಂದ. ಉದಾತ್ತ ಆ ಪದದ ಕೊನೆಯಲ್ಲಿ ಬಂದಿದ್ದರೆ ‘ಇಂದ್ರನನ್ನು ಕೊಲ್ಲುವವನು’ ಎಂದಾಗುತ್ತಿತ್ತು. ಅವನು ಮೊದಲಲ್ಲೇ ದನಿ ಏರಿಸಿಬಿಟ್ಟ. ಅರ್ಥ ‘ಇಂದ್ರನಿಂದ ಸಾಯುವವನು’ ಎಂದು ತಿರುಗಿತು. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ.

ಅಕ್ಷರದ ಮೇಲಿನ ಗುರುತಿಗೂ ಇದೇ ಹೆಸರು. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್‌ನಲ್ಲಿ ‘ಪಾಪಾ’ದ ಕೊನೆಯ ಅಕ್ಷರದ ಮೇಲೆ ಗೆರೆ ಇದ್ದರೆ ಅಪ್ಪ, ಇಲ್ಲದಿದ್ದರೆ ಆಲೂಗಡ್ಡೆ!

ಸಂಗೀತದಲ್ಲಿ ಒಂದು ಸ್ವರವನ್ನೋ ಪೆಟ್ಟನ್ನೋ ಉಳಿದವಕ್ಕಿಂತ ಎದ್ದು ಕೇಳುವಂತೆ ನುಡಿಸುವುದು. ಪಾಶ್ಚಾತ್ಯ ಸಂಗೀತದ ಬರಹದಲ್ಲಿ ಅದಕ್ಕೆ ‘>’ ಗುರುತು ಹಾಕುತ್ತಾರೆ. ಮೃದಂಗದವರು ಆದಿತಾಳದ 8 ಅಕ್ಷರಗಳನ್ನು 3, 3, 2 ಎಂದು ಒಡೆದು ಒತ್ತು ಕೊಟ್ಟರೆ, ತಾಳ ಅದೇ ಇದ್ದರೂ ಕೇಳಲು ಬೇರೆಯೇ ಅನ್ನಿಸುತ್ತದೆ.

ಚಿತ್ರದಲ್ಲಾದರೆ, ಮಂಕು ಬಣ್ಣಗಳ ನಡುವೆ ಕಣ್ಣು ಸೆಳೆಯುವ ಒಂದು ಚುಕ್ಕೆ ಕೆಂಪು. ಮನೆಯಲ್ಲಿ ಒಂದೇ ಗೋಡೆಗೆ ಗಾಢ ಬಣ್ಣ ಬಳಿಸುತ್ತಾರಲ್ಲ, ಅದೂ ಇದೇ. ನಾಲ್ಕಕ್ಕೂ ಬಳಿಸಿದರೆ ಮಾತ್ರ ಅದು ಆಕ್ಸೆಂಟ್ ಅಲ್ಲ, ಸುಮ್ನೆ ಖರ್ಚು.