ಜೋಳದ ಕಾಳಿಗಿಂತ ಹಗುರವಾದ ನೂಕುಬಲದಿಂದ ಉಪಗ್ರಹ ಸರಿಯುತ್ತದೆಯೇ?

ನೀವು ಕೇಳಿರುವುದು ಎರಡು ಮಾತು. ಇಲೆಕ್ಟ್ರೋಸ್ಪ್ರೇ ಥ್ರಸ್ಟರಿನ, ಅಂದರೆ ವಿದ್ಯುತ್ತಿನಿಂದ ದ್ರವವನ್ನು ಚಿಮ್ಮಿಸಿ ಉಪಗ್ರಹವನ್ನು ತಳ್ಳುವ ಪುಟ್ಟ ಯಂತ್ರದ, 20 ಮೈಕ್ರೋನ್ಯೂಟನ್ ಬಲ ಯಾವ ಲೆಕ್ಕಕ್ಕೆ? ಅದನ್ನು ಬೆಳಗಾವಿಯಲ್ಲೇ ಮಾಡಿಸಿ ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ತೋರಿಸಬಹುದೇ? ನಾನು ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗ ಮಾಡುವವನು. ಓದುವಾಗ ನನ್ನ ಪ್ರಾಜೆಕ್ಟೂ ಇದೇ ಆಗಿತ್ತು.

ಒಂದು ಜೋಳದ ಕಾಳು ಸುಮಾರು 30 ಮಿಲಿಗ್ರಾಂ ತೂಗುತ್ತದೆ. 20 ಮೈಕ್ರೋನ್ಯೂಟನ್ ಎಂದರೆ ಆ ಕಾಳಿನ ತೂಕದ ಹದಿನೈದನೇ ಒಂದು ಪಾಲು. ನಗು ಬರುವುದು ಸಹಜ. ಆದರೆ ಬಾಹ್ಯಾಕಾಶದಲ್ಲಿ ತಡೆಯುವವರು ಯಾರೂ ಇಲ್ಲವೆನ್ನಬಹುದು. 2 ಕಿಲೋ ಉಪಗ್ರಹವನ್ನು ಅದು ಬಿಡದೆ ತಳ್ಳಿದರೆ ಒಂದು ದಿನಕ್ಕೆ ಸೆಕೆಂಡಿಗೆ 0.86 ಮೀಟರ್ ವೇಗ ಕೂಡುತ್ತದೆ, ನೂರು ದಿನಕ್ಕೆ 86 ಮೀಟರ್. ದ್ರವ ಸೆಕೆಂಡಿಗೆ 10 ಕಿಲೋಮೀಟರ್ ವೇಗದಲ್ಲಿ ಹೊರಬೀಳುತ್ತದೆ ಎಂದಿಟ್ಟುಕೊಳ್ಳಿ; ಖರ್ಚಾಗುವುದು ಸುಮಾರು 17 ಗ್ರಾಂ, ಮೂರು ಟೀ ಚಮಚಕ್ಕೂ ಕಡಿಮೆ. 2015ರ ಡಿಸೆಂಬರಿನಲ್ಲಿ ಹಾರಿದ ಯುರೋಪಿನ ಲೀಸಾ ಪಾತ್‌ಫೈಂಡರ್ ನೌಕೆಯಲ್ಲಿದ್ದ ನಾಸಾದ ಇಂತಹ ಥ್ರಸ್ಟರುಗಳ ಬಲ ತಲಾ 5ರಿಂದ 30 ಮೈಕ್ರೋನ್ಯೂಟನ್. ಸೂರ್ಯನ ಬೆಳಕು ನೌಕೆಯನ್ನು ತಳ್ಳುವುದನ್ನು ಸರಿದೂಗಿಸಲು ಅಲ್ಲಿ ಬೇಕಾಗಿದ್ದುದೇ ಅಷ್ಟು ನಯವಾದ ಬಲ.

ಪುಟ್ಟ ಉಪಗ್ರಹಕ್ಕೆ ಹೊಂದುವ ಬಗೆಯ ಥ್ರಸ್ಟರಿನ ಒಳಗಿನ ಕೆಲಸ ದೀಪದ ಬತ್ತಿಯಂತೆ. ಸೂಕ್ಷ್ಮ ರಂಧ್ರಗಳಿರುವ ಮೊನೆಗೆ ದ್ರವ ತಾನೇ ಏರುತ್ತದೆ, ಪಂಪಿಲ್ಲ, ವಾಲ್ವಿಲ್ಲ. ಆ ದ್ರವವೂ ಕೋಣೆಯ ಉಷ್ಣತೆಯಲ್ಲೇ ದ್ರವವಾಗಿರುವ ಒಂದು ಲವಣ, ನಿರ್ವಾತದಲ್ಲೂ ಆವಿಯಾಗುವುದಿಲ್ಲ ಎನ್ನಬಹುದು. ಎದುರಿನ ತೂತುತಗಡಿಗೂ ದ್ರವಕ್ಕೂ ನಡುವೆ ಒಂದೆರಡು ಸಾವಿರ ವೋಲ್ಟ್ ಕೊಟ್ಟರೆ ದ್ರವ ಶಂಕುವಿನಂತೆ ಚೂಪಾಗಿ, ತುದಿಯಿಂದ ಅಯಾನುಗಳು, ಅಂದರೆ ಚಾರ್ಜ್ ಇರುವ ಕಣಗಳು, ಕಿತ್ತು ಹೊರಡುತ್ತವೆ. ಒಂದು ಥ್ರಸ್ಟರ್ ಧನ ಅಯಾನುಗಳನ್ನೂ ಜೊತೆಯದು ಋಣ ಅಯಾನುಗಳನ್ನೂ ಕಳುಹಿಸುತ್ತಾ ಆಗಾಗ ಪಾತ್ರ ಬದಲಿಸಿಕೊಂಡರೆ ಉಪಗ್ರಹದ ಮೇಲೆ ಚಾರ್ಜ್ ಕೂಡುವುದಿಲ್ಲ, ಮೊನೆಯೂ ಬೇಗ ಕೆಡುವುದಿಲ್ಲ.

ಈಗ ಎರಡನೆಯ ಮಾತು. ಒಂದು ಮೊನೆಯ ಬಲ ಕೆಲವು ಹತ್ತು ನ್ಯಾನೋನ್ಯೂಟನ್ (ಮೈಕ್ರೋನ್ಯೂಟನ್ನಿನ ಸಾವಿರದ ಒಂದು ಪಾಲು) ಮಾತ್ರ, ಆದ್ದರಿಂದ ನೂರಾರು ಮೊನೆ ಬೇಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಒಂದು ಚದರ ಸೆಂಟಿಮೀಟರಿನಲ್ಲಿ 480 ಮೊನೆ ಕೂರಿಸಿದರು. ಪ್ರತಿ ಮೊನೆಯೂ ತನ್ನ ತೂತಿನ ನಟ್ಟನಡುವೆ ನಿಲ್ಲಬೇಕು. ಸ್ವಲ್ಪ ಓರೆಯಾದರೂ ಅಯಾನುಗಳು ತಗಡಿಗೇ ಬಡಿಯುತ್ತವೆ. ನಮ್ಮ ಲೇತಿನಲ್ಲಿ ಹತ್ತು ಮೈಕ್ರಾನಿನೊಳಗೆ, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲಿನೊಳಗೆ ಬಂದರೆ ಬೆನ್ನು ತಟ್ಟುತ್ತಾರೆ. ಇಲ್ಲಿ ಮೊನೆಯ ತುದಿಯೇ ಆ ಅಳತೆಯದು. ಚಿಪ್ ಮಾಡುವವರ ಹಾಗೆ ಬೆಳಕಿನಿಂದ ಅಚ್ಚು ಬಿಡಿಸಿ ಕೊರೆಯಬೇಕು, ಇಲ್ಲವೇ ಲೇಸರ್ ಬೇಕು. ಉದ್ಯಮಬಾಗಕ್ಕೆ ಡ್ರಾಯಿಂಗ್ ತಂದು ಸಮಯ ಕಳೆಯಬೇಡಿ.

ಒಂದೇ ಮೊನೆ ಮಾಡಿ. ನಾವು ತುದಿ ಉಜ್ಜಿ ಚಪ್ಪಟೆ ಮಾಡಿದ ಸಿರಿಂಜ್ ಸೂಜಿ, ಐಸೋಪ್ರೊಪೈಲ್ ಆಲ್ಕೋಹಾಲ್, ಒಂದು ಸೆಂಟಿಮೀಟರ್ ದೂರದಲ್ಲಿ ತಗಡು ಇಟ್ಟಿದ್ದೆವು. ವೋಲ್ಟೇಜ್ ಏರಿಸುತ್ತಾ ಹೋದಂತೆ ಉಬ್ಬಿದ್ದ ಹನಿ ನಡುಗಿತು, ನೀಳವಾಯಿತು, ಮರುಕ್ಷಣ ಅದರ ಕೆಳಗೆ ಕೂದಲಿಗಿಂತ ತೆಳುವಾದ ಎಳೆ. ಹಿಂದೆ ಕಪ್ಪು ಕಾಗದ ಹಿಡಿದಾಗಲೇ ಅದು ಕಂಡದ್ದು. ಖುಷಿಗೆ ದ್ರವ ಹೆಚ್ಚು ಬಿಟ್ಟೆವು. ಹನಿ ತಗಡಿನವರೆಗೆ ಸೇತುವೆ ಕಟ್ಟಿತು, ಚಟಾರೆಂದು ಕಿಡಿ ಹಾರಿತು, ಕಾಲೇಜಿನ ಪವರ್ ಸಪ್ಲೈ ಸತ್ತಿತು. ಬೈಗುಳ ಇನ್ನೂ ನೆನಪಿದೆ. ಬಾಹ್ಯಾಕಾಶದಲ್ಲಿ ಈ ಯಂತ್ರವನ್ನು ಕೊಲ್ಲುವುದೂ ಅದೇ: ತಗಡು ಒದ್ದೆಯಾಗುವುದು. ಬಲ ಸಣ್ಣದೆಂಬ ಚಿಂತೆ ಬಿಡಿ, ಆಯುಷ್ಯದ ಬಗ್ಗೆ ಪ್ರಾಜೆಕ್ಟ್ ಬರೆಯಿರಿ. ಎಷ್ಟು ವೋಲ್ಟಿಗೆ ಎಳೆ ಶುರುವಾಯಿತು, ಎಷ್ಟು ಹೊತ್ತಿಗೆ ತಗಡು ಒದ್ದೆಯಾಯಿತು ಎಂದು ಅಳೆದರೂ ಸಾಕು.

ಆಲ್ಕೋಹಾಲ್ ಹೊತ್ತಿಕೊಳ್ಳುವ ವಸ್ತು, ಮೇಲ್ವಿಚಾರಕರಿಲ್ಲದೆ ಮುಟ್ಟಬೇಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಚಾರ್ಜನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಕಡ್ಡಿ ತಾಗಿಸಿದ ನಂತರವೇ ಸೂಜಿಗೆ ಕೈ ಹಾಕಿ.