ಓದುಗರ ಪ್ರಶ್ನೆ: ತಮ್ಮನ ಮದುವೆಗೆ ಮನೆಯಲ್ಲೇ ಮಾಡಿದ ಬಿಯರ್

ಪ್ರಶ್ನೆ: ಮೇಡಂ, ನಾವು ಹಾಸನದವರು. ಈಗ ಅಮೆರಿಕದ ಆರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ ನೆಲೆಸಿದ್ದೇವೆ. ಆಗಸ್ಟ್ ಕೊನೆಗೆ ತಮ್ಮನ ಮದುವೆ ಇಲ್ಲಿಯೇ ನಡೆಯಲಿದೆ. ಧಾರೆ ದೇವಸ್ಥಾನದಲ್ಲಿ, ಮರುದಿನ ನಮ್ಮ ಹಿತ್ತಲಿನಲ್ಲಿ ಅರವತ್ತು ಜನರಿಗೆ ಊಟ. ಅಂದು ಸ್ನೇಹಿತರಿಗೆ ನಾನೇ ಮಾಡಿದ ಬಿಯರ್ ಕೊಡಬೇಕು, ಆದರೆ ಅದರಲ್ಲಿ ನಮ್ಮ ರಾಗಿಯೂ ಇರಬೇಕು ಎಂಬ ಆಸೆ. ಹಿಂದೆಂದೂ ಮಾಡಿದವನಲ್ಲ. ಪಕ್ಕದ ಪೋರ್ಟ್‌ಲ್ಯಾಂಡ್ ಬಿಯರಿಗೆ ಹೆಸರಾದ ನಗರ. ಅಲ್ಲಿ ಎಲ್ಲಿಗೆ ಹೋಗಿ ರುಚಿ ನೋಡಲಿ? ಊರಿನಿಂದ ಬರುವ ಅಪ್ಪ ಅಮ್ಮ ಮದ್ಯ ಮುಟ್ಟುವವರಲ್ಲ. ಆ ಅಳುಕೂ ಇದೆ.

ಉತ್ತರ: ಮೊದಲು ಅಳುಕಿನ ಮಾತು. ಅಪ್ಪ ಅಮ್ಮನಿಗೆ ಈಗಲೇ ಫೋನಿನಲ್ಲಿ ಹೇಳಿಬಿಡಿ. ಹಿರಿಯರಿಗೆ ನೋವಾಗುವುದು ಬಿಯರಿಗಿಂತ ಹೆಚ್ಚಾಗಿ ಮುಚ್ಚುಮರೆಯಿಂದ. ಊಟದ ಸಾಲಿನಿಂದ ದೂರ ಬೇರೆ ಮೇಜು ಹಾಕಿ. ಸೀಸೆಗಳ ಮೇಲೆ ಇದು ಮದ್ಯ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಮೇಜಿನ ಹತ್ತಿರ ಜವಾಬ್ದಾರಿಯುಳ್ಳ ಒಬ್ಬರನ್ನು ನಿಲ್ಲಿಸಿ. ಬಂದವರ ಕೈಗೆ ಮೊದಲು ಹೋಗಬೇಕಾದದ್ದು ಬೆಲ್ಲದ ಪಾನಕ ಅಥವಾ ಮಸಾಲೆ ಮಜ್ಜಿಗೆ. ಕುಡಿಯದವರನ್ನು ಮೂಲೆಗೆ ತಳ್ಳುವ ಔತಣ ನನಗೆ ಹಿಡಿಸುವುದಿಲ್ಲ.

ಕಾನೂನು ನಿಮ್ಮ ಪರವಾಗಿದೆ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯಿಂದಾಗಿ, ಅಮೆರಿಕದಲ್ಲಿ ಮನೆಬಳಕೆಗೆ ತೆರಿಗೆಯಿಲ್ಲದೆ ಬಿಯರ್ ಮಾಡಿಕೊಳ್ಳಬಹುದು. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. 21 ತುಂಬದವರಿಗೆ ಕೊಡುವಂತಿಲ್ಲ.

ಇನ್ನು ಪೋರ್ಟ್‌ಲ್ಯಾಂಡ್. ಕಾರು ಮನೆಯಲ್ಲಿರಲಿ. ಹಿಲ್ಸ್‌ಬರೊದಿಂದ ಮ್ಯಾಕ್ಸ್ ರೈಲಿನ ನೀಲಿ ಮಾರ್ಗ ನೇರ ಪೋರ್ಟ್‌ಲ್ಯಾಂಡಿನ ನಡುಮಧ್ಯಕ್ಕೆ ಹೋಗುತ್ತದೆ. ಹಿಲ್ಸ್‌ಡೇಲ್ ಬಡಾವಣೆಯ ಮ್ಯಾಕ್‌ಮೆನಮಿನ್ಸ್ ಪಬ್ಬನ್ನು ಚರಿತ್ರೆಗಾಗಿಯಾದರೂ ನೋಡಿ. ಒಂದೇ ಸೂರಿನಡಿ ಬಿಯರ್ ತಯಾರಿಸಿ ಮಾರಲು ಆರೆಗಾನ್ 1985ರಲ್ಲಿ ಅನುಮತಿ ಕೊಟ್ಟಾಗ ಮೊದಲು ಬಾಗಿಲು ತೆರೆದದ್ದು ಅದು. ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ತಿಳಿಯಾದ ಲಾಗರ್ ಬಿಯರಿಗೆ ವೇಫೈಂಡರ್ ಬ್ರೂವರಿ, ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂ) ಪರಿಮಳದ ಐಪಿಎ ಎಂಬ ಕಹಿ ಬಿಯರಿಗೆ ಬ್ರೇಕ್‌ಸೈಡ್ ಬ್ರೂವರಿ. ಎಲ್ಲಿಯೂ ದೊಡ್ಡ ಗ್ಲಾಸ್ ಕೇಳಬೇಡಿ. ಸಣ್ಣ ಗ್ಲಾಸುಗಳಲ್ಲಿ ನಾಲ್ಕಾರು ಬಗೆ ಒಟ್ಟಿಗೆ ಕೊಡುತ್ತಾರೆ. ಮೊದಲು ಮೂಸಿ, ಆಮೇಲೆ ಗುಟುಕರಿಸಿ, ನಾಲಿಗೆಯ ಮೇಲೆ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಬಿಸಿಬೇಳೆ ಬಾತಿನ ಖಾರದ ಜೊತೆ ಅತಿಕಹಿ ಐಪಿಎ ಹೊಂದುವುದಿಲ್ಲ. ಆ ಖಾರವನ್ನು ಅದು ಇನ್ನಷ್ಟು ಕೆರಳಿಸುತ್ತದೆ. ನಿಮಗೆ ಬೇಕಾದದ್ದು ಪೇಲ್ ಏಲ್, ಅಂದರೆ ಐಪಿಎಗಿಂತ ಕಹಿ ಕಡಿಮೆ ಇರುವ ಹದವಾದ ಬಿಯರ್.

ಈ ಊರಿನ ಒಂದು ಕಥೆ ಹೊಸಬರಿಗೆ ಧೈರ್ಯ ಕೊಡುತ್ತದೆ. ಕರ್ಟ್ ಮತ್ತು ರಾಬ್ ವಿಡ್ಮರ್ ಸಹೋದರರು 1984ರಲ್ಲಿ ಇಲ್ಲಿ ಬ್ರೂವರಿ ಆರಂಭಿಸಿದರು. ಊರಿನ ಪಬ್ಬೊಂದರ ಮಾಲೀಕರು ಮೂರನೆಯ ಬಗೆಯ ಬಿಯರ್ ಕೊಡಿ ಎಂದು ದುಂಬಾಲು ಬಿದ್ದರು. ಇವರಲ್ಲಿದ್ದದ್ದು ಹುದುಗಿಸುವ ಎರಡೇ ತೊಟ್ಟಿ. ಹಾಗಾಗಿ ಇದ್ದ ಗೋಧಿ ಬಿಯರನ್ನೇ ಸೋಸದೆ, ಮೋಡಮೋಡವಾಗಿ ಇರುವಂತೆಯೇ ಕೊಟ್ಟರು. ಹೆಫೆವೈಝನ್ ಎಂಬ 1986ರ ಆ ಸೋಸದ ಗೋಧಿ ಬಿಯರಿನಿಂದಲೇ ಅವರ ಹೆಸರು ದೇಶಕ್ಕೆಲ್ಲ ಹಬ್ಬಿತು. ನಿಮ್ಮ ಬಿಯರ್ ಮಸುಕಾಗಿದ್ದರೆ ಸಂಕೋಚ ಬೇಡ.

ಸಾಮಾನಿಗೆ ಸ್ಟೈನ್‌ಬಾರ್ಟ್ ಅಂಗಡಿಗೆ ಹೋಗಿ. 1918ರಿಂದ ಇರುವ ಅಂಗಡಿ. ಮೊದಲ ಸಲವಾದ್ದರಿಂದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸತ್ವದ ಪುಡಿಯಲ್ಲೇ ಮಾಡಿ. 19 ಲೀಟರಿಗೆ ತಿಳಿ ಬಣ್ಣದ ಪುಡಿ ಎರಡೂವರೆ ಕಿಲೊ, ಏಲ್ ಯೀಸ್ಟ್ ಒಂದು ಪೊಟ್ಟಣ, ಕ್ಯಾಸ್ಕೇಡ್ ಹಾಪ್ಸ್ ಸುಮಾರು 56 ಗ್ರಾಂ ಸಾಕು. ಕ್ಯಾಸ್ಕೇಡ್ ತಳಿ ಹುಟ್ಟಿದ್ದು ನಿಮ್ಮ ರಾಜ್ಯದ ಕಾರ್ವಾಲಿಸ್‌ನಲ್ಲಿಯೇ. 355 ಮಿ.ಲೀ. ಸೀಸೆಗಳಲ್ಲಿ ಐವತ್ತರ ಹತ್ತಿರ ಬರುತ್ತದೆ. ಅರ್ಧದಷ್ಟು ಅತಿಥಿಗಳು ಕುಡಿಯುವುದಿಲ್ಲ ಎಂದುಕೊಂಡರೆ ಧಾರಾಳ.

ರಾಗಿಯ ಆಸೆ ಓದಿ ನಿಜವಾಗಿ ಸಂತೋಷವಾಯಿತು. ನಮ್ಮ ಅಜ್ಜಿಯಂದಿರು ಮಗುವಿನ ಸರಿಗೆಂದು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸುತ್ತಿದ್ದರಲ್ಲ, ಬ್ರೂವರಿಯವರು ಬಾರ್ಲಿಗೆ ಮಾಡುವುದೂ ಅದನ್ನೇ. ಆದರೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳ ಬಲ ಬಾರ್ಲಿಯಲ್ಲಿ ಇರುವಷ್ಟು ರಾಗಿಯಲ್ಲಿಲ್ಲ. ಸೋಸುವಾಗ ಜರಡಿಯಂತೆ ನೆರವಾಗುವ ಹೊಟ್ಟೂ ಇಲ್ಲ. ಹಾಗಾಗಿ ಒಂದು ಪಾಲು ಮೊಳಕೆ ರಾಗಿಗೆ ಮೂರು ಪಾಲು ಬಾರ್ಲಿ ಮಾಲ್ಟ್ ಸೇರಿಸಿ. ಎರಡೂ ಕೂಡಿ 700 ಗ್ರಾಂ ಇರಲಿ. ತರಿತರಿಯಾಗಿ ಒಡೆದು, ಮೂರು ಲೀಟರ್ ನೀರಿನಲ್ಲಿ 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಿ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಗಂಜಿಯ ಸಪ್ಪೆ ಹೋಗಿ ಸಿಹಿ ಬಂದಿದ್ದರೆ ಸೋಸಿ, ಮಾಲ್ಟ್ ಪುಡಿ ಕರಗಿಸಿದ ನೀರಿಗೆ ಬೆರೆಸಿ ಒಂದು ಗಂಟೆ ಕುದಿಸಿ. ಅರ್ಧ ಹಾಪ್ಸ್ ಕುದಿ ಬಂದೊಡನೆ ಹಾಕಬೇಕು, ಕಹಿಗಾಗಿ. ಉಳಿದರ್ಧ ಒಲೆ ಆರಿಸುವ ಹೊತ್ತಿಗೆ, ಪರಿಮಳಕ್ಕಾಗಿ.

ಒಲೆ ಆರಿದ ಮೇಲೆಯೇ ನಿಜವಾದ ಎಚ್ಚರಿಕೆ ಬೇಕು. ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ಬೇಗ 20 ಡಿಗ್ರಿಗೆ ಇಳಿಸಿ, ಆಮೇಲೆ ಯೀಸ್ಟ್ ಹಾಕಿ. ಅಲ್ಲಿಂದ ಮುಂದೆ ಬಿಯರಿಗೆ ತಗಲುವ ಪ್ರತಿಯೊಂದು ವಸ್ತುವನ್ನೂ ತೊಳೆದು, ರೋಗಾಣುನಾಶಕ ದ್ರಾವಣದಲ್ಲಿ ಅದ್ದಿರಬೇಕು. ಕೊಳವೆ, ಸೌಟು, ಮುಚ್ಚಳ, ನಿಮ್ಮ ಕೈ ಕೂಡ. ಹುದುಗುವಿಕೆಯನ್ನೇ ಓದಿ, ಅದನ್ನೇ ಕಲಿಸಿಕೊಂಡು ಬಂದವಳು ನಾನು. ರುಚಿಯ ಲೆಕ್ಕಾಚಾರ ತಪ್ಪಿದ ಬಿಯರನ್ನು ಕುಡಿಯಬಹುದು, ಕೊಳೆ ಸೇರಿದ್ದನ್ನು ಚೆಲ್ಲಲೇಬೇಕಾಗುತ್ತದೆ.

ಜೂನ್ ಕೊನೆಗೆ ಮಾಡಿಬಿಡಿ. ಹುದುಗಲು ಎರಡು ವಾರ, ಸೀಸೆಯಲ್ಲಿ ಅನಿಲ ತುಂಬಲು ಎರಡು ವಾರ (ಸೀಸೆಗೆ ತುಂಬುವಾಗ ಬೆರೆಸುವ ಸಕ್ಕರೆಯ ಲೆಕ್ಕ ಕೊನೆಯ ಉತ್ತರದಲ್ಲಿದೆ), ಮೇಲೆ ಸ್ವಲ್ಪ ಬಿಡುವು. ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಸೆಖೆಯ ದಿನಗಳಲ್ಲಿ ಪಾತ್ರೆಯನ್ನು ನೀರಿನ ಟಬ್ಬಿನಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ.

ಪ್ರಶ್ನೆ: ಅಣ್ಣ ಅಮೆರಿಕದಲ್ಲಿ ಬಿಯರ್ ಮಾಡುತ್ತಾನೆ. ನನ್ನ ಗೃಹಪ್ರವೇಶದ ಪಾರ್ಟಿಗೆ ಜಯನಗರದ ಮನೆಯಲ್ಲೂ ಮಾಡುತ್ತೇನೆ ಎನ್ನುತ್ತಾನೆ. ಸರಿಯೇ?

ಉತ್ತರ: ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ವಂತಕ್ಕೆ, ಸ್ವಲ್ಪವೇ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಅಣ್ಣನನ್ನು ಇಂದಿರಾನಗರದ ಟಾಯ್ಟ್‌ನಂಥ ಮೈಕ್ರೋಬ್ರೂವರಿಗೆ ಕರೆದೊಯ್ಯಿರಿ. ಬೆಂಗಳೂರಿನಲ್ಲಿ ಒಳ್ಳೆಯ ಬಿಯರಿಗೆ ಬರವಿಲ್ಲ. ಜನಸಂದಣಿ ಇಲ್ಲದ ಮಧ್ಯಾಹ್ನ ಹೋಗಿ, ಬಿಯರ್ ತಯಾರಿಸುವವರೊಡನೆ ಮಾತನಾಡಬಹುದೇ ಎಂದು ಕೇಳಿ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಗೆಳೆಯ ಮಾಡಿದ ಬಿಯರಿನ ಸೀಸೆಗಳು ಕಪಾಟಿನಲ್ಲೇ ಸಿಡಿದವು. ಕಾರಣವೇನು?

ಉತ್ತರ: ಬಹುತೇಕ ಹುದುಗು ಮುಗಿಯುವ ಮೊದಲೇ ಸೀಸೆಗೆ ತುಂಬಿದ್ದಾರೆ, ಇಲ್ಲವೇ ಸಕ್ಕರೆ ಹೆಚ್ಚಾಗಿದೆ. ಗುಳ್ಳೆ ನಿಂತಿತೆಂದು ನಂಬಬಾರದು. ದ್ರವದ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನ ಅಳತೆ ಮೂರು ದಿನ ಒಂದೇ ಇರಬೇಕು. ಆಮೇಲೆ 19 ಲೀಟರಿಗೆ 110 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಆರಿಸಿ, ಸಮನಾಗಿ ಬೆರೆಸಬೇಕು. ಉಳಿದ ಸೀಸೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಎತ್ತಿ ಫ್ರಿಜ್ಜಿಗೆ ಸೇರಿಸಿ. ತಣ್ಣಗಾದ ಮೇಲೆ ಮುಚ್ಚಳ ತೆಗೆದು ಚೆಲ್ಲಿಬಿಡಿ.